ಬದಲಿ ಅಭ್ಯರ್ಥಿ

ಅವನ ನಾಮಪತ್ರ ಇದುವರೆಗೆ ನಾಲ್ಕು ಚುನಾವಣೆಗಳಲ್ಲಿ ತಿರಸ್ಕೃತವಾಗಿತ್ತು. ನಾಲ್ಕು ಸಲವೂ ಭೂತಗನ್ನಡಿ ಹಿಡಿದು ಹುಡುಕಿದರೂ ಅದರಲ್ಲಿ ಒಂದೂ ತಪ್ಪು ಸಿಗುತ್ತಿರಲಿಲ್ಲ. ತಪ್ಪಿಲ್ಲದಿರುವುದೇ ಅದರ ಕೆಲಸ. ಸಂಸತ್ತಿನ ಚುನಾವಣೆ ಬಂದಾಗಲೆಲ್ಲ ಪಕ್ಷದಿಂದ ಸಾಹೇಬರು ನಿಲ್ಲುತ್ತಿದ್ದರು. ಅವರ ನಾಮಪತ್ರದ ಬೆನ್ನಿಗೇ, ಪಕ್ಷದ ಕಚೇರಿಯ ಕಾರ್ಯದರ್ಶಿಯಾದ ಇವನದೂ ಒಂದು, ಬದಲಿ ಅಭ್ಯರ್ಥಿ ಎಂದು ಹೋಗುತ್ತಿತ್ತು. ಎಲ್ಲಾದರೂ ಏನಾದರೂ ಎಡವಟ್ಟಾಗಿ ಸಾಹೇಬರದು ಬಿದ್ದುಹೋದರೆ ಕಣದಲ್ಲಿ ಪಕ್ಷಕ್ಕೆ ಯಾರಾದರೂ ಬೇಕಲ್ಲ, ಅದಕ್ಕೆ. ಬೀಳುತ್ತಿರಲಿಲ್ಲ. ಪರಿಶೀಲನೆಯ ದಿನ ಚುನಾವಣಾಧಿಕಾರಿ ಸಾಹೇಬರದನ್ನು ಅಂಗೀಕರಿಸಿದ ಮರುಕ್ಷಣ ನಿಯಮದ ಪ್ರಕಾರ ಇವನದು ತಾನಾಗಿ ಸಾಯುತ್ತಿತ್ತು. ಅಧಿಕಾರಿ ಪುಟ ಕೂಡ ತಿರುವದೆ ಇವನ ಹೆಸರು ಓದಿ 'ತಿರಸ್ಕರಿಸಲಾಗಿದೆ' ಎನ್ನುತ್ತಿದ್ದರು. ಇವನು ಎದ್ದು, ಬಹುಮಾನಕ್ಕೆ ಕರೆದರೇನೋ ಎಂಬಂತೆ ನಕ್ಕು, ತೋರಿಸಿದ ಕಡೆ ಸಹಿ ಹಾಕಿ ಬಂದು ಕೂರುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಪಕ್ಷದವರು ಅವನನ್ನು ಎದುರಿಗೆ ಸೆಕ್ರೆಟರಿ ಎಂದೂ ಹಿಂದಿನಿಂದ ಡಮ್ಮಿ ಎಂದೂ ಕರೆಯುತ್ತಿದ್ದರು. ಕೇಳಿಸುವುದಿಲ್ಲ ಎಂದುಕೊಂಡಿದ್ದವರು ಅವರು; ಅವನ ಕಿವಿ ಚೆನ್ನಾಗಿಯೇ ಇತ್ತು.

ಇವತ್ತು ಐದನೆಯ ಸಲ. ಹನ್ನೊಂದಕ್ಕೆ ಪರಿಶೀಲನೆ, ಅವನು ಹತ್ತೂವರೆಗೇ ಚುನಾವಣಾಧಿಕಾರಿಯ ಕಚೇರಿಗೆ ಬಂದು ಕೂತಿದ್ದ. ಬೆಳಿಗ್ಗೆ ಗಡ್ಡ ಹೆರೆಯುವಾಗ ದವಡೆಯ ಹತ್ತಿರ ಕೊಯ್ದುಕೊಂಡು ಕಾಲರಿಗೆ ರಕ್ತದ ಚುಕ್ಕೆ ತಗುಲಿತ್ತು. ಅದನ್ನು ಮುಚ್ಚಲು ಕತ್ತನ್ನು ಒಂದೇ ಕಡೆ ವಾಲಿಸಿಕೊಂಡಿದ್ದರಿಂದ, ಯಾರೋ ಹೇಳುವುದನ್ನು ಮನಸ್ಸಿಟ್ಟು ಕೇಳುತ್ತಿರುವವನ ಹಾಗೆ ಕಾಣುತ್ತಿದ್ದ. ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಅದರ ಮೇಲೆ ಫೈಲುಗಳ ಎರಡು ಗುಡ್ಡೆ, ಎದುರಿಗೆ ಮೂರು ಸಾಲು ಪ್ಲಾಸ್ಟಿಕ್ ಕುರ್ಚಿ. ಹತ್ತೊಂಬತ್ತು ಜನ ಅಭ್ಯರ್ಥಿಗಳು, ಒಬ್ಬೊಬ್ಬರ ಬಾಲಕ್ಕೂ ಒಬ್ಬೊಬ್ಬ ವಕೀಲ. ಮುಂದಿನ ಸಾಲಿನಲ್ಲಿ ಎದುರು ಪಕ್ಷದ ಅಭ್ಯರ್ಥಿ, ವೃತ್ತಿಯಲ್ಲಿ ಡಾಕ್ಟರು, ರೋಗಿಗಳನ್ನು ನೋಡಲು ತಡವಾದವರಂತೆ ಮಣಿಕಟ್ಟು ನೋಡಿಕೊಳ್ಳುತ್ತಿದ್ದರು. ಸಾಹೇಬರು ಇಂಥ ಕಡೆಗೆ ಬರುವವರಲ್ಲ. ಅವರ ಪರವಾಗಿ ಅವರ ಅಕ್ಕನ ಮಗ, ಲಾಯರು, ಕಾಲ ಮೇಲೆ ಕಾಲು ಹಾಕಿ ಫೋನಿನಲ್ಲಿ ಮುಳುಗಿದ್ದ. ಸೆಕ್ರೆಟರಿಯ ಪಕ್ಕಕ್ಕೆ ಬಂದು ಕೂತವನು ಬಸ್ ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಮಾಡುವವನು. ಪಕ್ಷೇತರನಾಗಿ ಏಳು ಸಲ ನಿಂತು ಏಳು ಸಲವೂ ಠೇವಣಿ ಕಳೆದುಕೊಂಡ ಆಸಾಮಿ.

"ಬಂದ್ರಾ ಸೆಕ್ರೆಟ್ರಿಗಳೇ. ನೀವು ನಿಲ್ಲೋದೇ ಇಲ್ಲ, ನಾನು ಗೆಲ್ಲೋದೇ ಇಲ್ಲ. ಒಳ್ಳೇ ಜೋಡಿ ನಮ್ದು."

"ಹೂಂ ಮಾರಾಯ."

"ಆದ್ರೂ ನನಗೆ ಹೋದ್ಸಲ ಇನ್ನೂರ ಎಂಬತ್ತು ಜನ ಹಾಕಿದ್ರು. ನಿಮಗೆ ಪಾಪ ನಿಮ್ಮ ಮನೆಯೋರು ಹಾಕ್ಬೇಕಂದ್ರೂ ಆಗಲ್ವಲ್ಲ." ಗಡಿಯಾರದವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಕೆಟ್ಟದ್ದಕ್ಕೆ ಹೇಳಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಕನಿಕರದಿಂದ ಹೇಳಿದ್ದರಿಂದ ಸೆಕ್ರೆಟರಿ ಫೈಲುಗಳ ಗುಡ್ಡೆಯನ್ನೇ ನೋಡಿದ. ಎಡಗಡೆಯ ಗುಡ್ಡೆಯಲ್ಲಿ ಮೇಲಿಂದ ಮೂರನೆಯದು ಸಾಹೇಬರದು, ಅದರ ಕೆಳಗಿನದು ತನ್ನದು. ಮೂರನೆಯದರ ಕೊನೆಯ ಪುಟದಲ್ಲಿ ಸಹಿಯಿಲ್ಲ ಎಂದು ಈ ಕೋಣೆಯಲ್ಲಿ, ಈ ಊರಿನಲ್ಲಿ, ಗೊತ್ತಿದ್ದವನು ಅವನೊಬ್ಬನೇ.

ಸಾಹೇಬರು ಓದುವವರಲ್ಲ. ಯಾವ ಕಾಗದವನ್ನಾದರೂ ಓದಿ ಸಹಿ ಹಾಕಿದ್ದು ಅವನು ಕಂಡಿಲ್ಲ. ಸಹಿ ಬೇಕಾದ ಕಡೆಯೆಲ್ಲ ಅವನು ಪೆನ್ಸಿಲಿನಲ್ಲಿ ಒಂದು ಸಣ್ಣ ಇಂಟು ಗುರುತು ಹಾಕಿಡಬೇಕು. ಸಾಹೇಬರು ಫೋನಿನಲ್ಲಿ ಯಾರನ್ನೋ ಬೈಯುತ್ತಲೋ ಹೊಗಳುತ್ತಲೋ ಗುರುತು ಕಂಡಲ್ಲೆಲ್ಲ ಸಹಿ ಎಳೆಯುತ್ತ ಹೋಗುತ್ತಾರೆ. ಗುರುತಿಲ್ಲದ ಕಡೆ ಅವರ ಪೆನ್ನು ಇಳಿಯುವುದಿಲ್ಲ. ಆಮೇಲೆ ಅವನು ಒಂದೊಂದೇ ಗುರುತನ್ನು ರಬ್ಬರಿನಿಂದ ಅಳಿಸಬೇಕು, ಸಾಹೇಬರು ತಾವಾಗಿಯೇ ತಿಳಿದು ಹಾಕಿದರು ಎನ್ನುವ ಹಾಗೆ. ನಾಮಪತ್ರ ಮತ್ತು ಪ್ರಮಾಣಪತ್ರ ಸೇರಿ ಒಟ್ಟು ಮೂವತ್ತೆರಡು ಸಹಿ. ಈ ಸಲ ಗುರುತು ಮೂವತ್ತೊಂದೇ. ಪ್ರಮಾಣಪತ್ರದ ಕೊನೆಗೆ, ಮೇಲೆ ಹೇಳಿದ್ದೆಲ್ಲ ಸತ್ಯ, ಏನನ್ನೂ ಮುಚ್ಚಿಟ್ಟಿಲ್ಲ ಎಂಬ ಘೋಷಣೆಯ ಕೆಳಗೆ ಅವನು ಗುರುತು ಹಾಕಿರಲಿಲ್ಲ. ಆ ಒಂದು ಸಹಿ ಇಲ್ಲದಿದ್ದರೆ ಉಳಿದ ಮೂವತ್ತೊಂದು ಇದ್ದೂ ಸತ್ತಂತೆ. ಮರೆತದ್ದೇ? ಮೂರು ದಿನದಿಂದ ತನ್ನನ್ನು ತಾನೇ ಕೇಳಿಕೊಂಡು ಸಾಕಾಗಿತ್ತು. ಮರೆತೆ ಎಂದುಕೊಂಡರೆ ಮನಸ್ಸು ಹಗುರವಾಗುತ್ತಿತ್ತು, ಅದರ ಜೊತೆಗೇ ನಾಚಿಕೆಯೂ ಆಗುತ್ತಿತ್ತು. ಇಷ್ಟು ವರ್ಷ ಮರೆಯದವನು ಈಗ ಮರೆಯುವಷ್ಟು ಮುದುಕನಾದೆನೇ ಎಂದು. ಬೇಕೆಂದೇ ಬಿಟ್ಟೆ ಎಂದುಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಆ ಧಸಕ್ಕಿನಲ್ಲಿ ಒಂದು ಸುಖವಿತ್ತು, ಅದನ್ನು ಹೆಂಡತಿಯ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಗುರುತಿನದು ಹೇಗೋ ಇರಲಿ, ಆಮೇಲಿನದಕ್ಕೆ ನೆವವಿರಲಿಲ್ಲ. ಕೊನೆಯ ದಿನ, ಶುಕ್ರವಾರ, ಒಂದೂವರೆಗೆ ಸಾಹೇಬರು ಮೆರವಣಿಗೆಯಲ್ಲಿ ಬಂದು ನಾಮಪತ್ರ ಕೊಟ್ಟರು. ಪುಟ ಪುಟ ತಿರುವಿ ನೋಡಬೇಕಾಗಿದ್ದ ಗುಮಾಸ್ತ ಎದ್ದು ನಿಂತು, ಅವರ ಪಕ್ಕ ಫೋಟೋ ಹೊಡೆಸಿಕೊಂಡು, ಪಟ್ಟಿಯಲ್ಲಿ ಸಾಲಾಗಿ ಟಿಕ್ ಹಾಕಿದ. ಎರಡೂ ಹತ್ತಕ್ಕೆ ಸೆಕ್ರೆಟರಿ ಕಚೇರಿಗೆ ವಾಪಸು ಬಂದು ನಕಲು ಪ್ರತಿ ತಿರುವುತ್ತಿದ್ದಾಗ ಖಾಲಿ ಜಾಗ ಕಣ್ಣಿಗೆ ಬಿತ್ತು. ಮೂರು ಗಂಟೆಯವರೆಗೆ ಹೊಸ ಪ್ರಮಾಣಪತ್ರ ಕೊಡಬಹುದಿತ್ತು. ಖಾಲಿ ನಮೂನೆ ಅವನ ಡ್ರಾಯರಿನಲ್ಲಿತ್ತು, ಲಾಯರು ಎರಡು ಮೇಜಿನಾಚೆ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತಿದ್ದ, ಟೈಪಿಸ್ಟು ಮಿಷನ್ನಿನ ಮುಂದೆಯೇ ಇದ್ದಳು. ಐವತ್ತು ನಿಮಿಷ. ಅವನು ಫೈಲು ಮುಚ್ಚಿದ. "ಊಟ ಮಾಡಿ ಬರ್ತೀನಮ್ಮ" ಎಂದು ಟೈಪಿಸ್ಟಿಗೆ ಹೇಳಿ, ಮೂಲೆಯ ಹೋಟೆಲಿನಲ್ಲಿ ಎರಡು ಸಲ ಬಡಿಸಿಕೊಂಡು ಉಂಡ. ಅಷ್ಟು ರುಚಿಯಾಗಿ ಉಂಡದ್ದು ಅವನಿಗೆ ಈಚೆಗೆ ನೆನಪಿರಲಿಲ್ಲ. ಕೈ ತೊಳೆದು ಗೋಡೆಯ ಗಡಿಯಾರ ನೋಡಿದಾಗ ಮೂರು ದಾಟಿ ನಾಲ್ಕು ನಿಮಿಷವಾಗಿತ್ತು.

ಹೀಗೆ ಉಂಡವನು ಕೆಟ್ಟವನೇ? ಮಗಳ ಮದುವೆಯ ಊಟದ ಹಾಲ್‌ನಲ್ಲಿ ಅವನು ಉಂಡಿರಲಿಲ್ಲ. ಸಾಹೇಬರು ಬರುತ್ತಾರೆಂದು ಬಾಗಿಲಲ್ಲಿ ಎರಡು ತಾಸು ನಿಂತಿದ್ದ. ಬಂದರು, ಎರಡು ನಿಮಿಷಕ್ಕೆ. ಹೆಗಲ ಮೇಲೆ ಕೈ ಹಾಕಿ ಬೀಗರ ಮುಂದೆ ನಿಲ್ಲಿಸಿ, "ಇವನ್ಯಾರು ಗೊತ್ತಾ? ನಮ್ಮ ಡಮ್ಮಿ" ಎಂದರು. ಜೊತೆಗೆ ಬಂದಿದ್ದವರು ನಕ್ಕರು, ಅವರು ನಕ್ಕರೆಂದು ಬೀಗರೂ ನಕ್ಕರು. ಇವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಮಗಳು ನಗಲಿಲ್ಲ. ಅವಳು ಅಪ್ಪನ ಮುಖ ನೋಡದೆ ಕೈಯಲ್ಲಿದ್ದ ಹೂವಿನ ದಳಗಳನ್ನು ಒಂದೊಂದೇ ಸರಿಮಾಡುತ್ತಿದ್ದಳು. ಆರು ವರ್ಷವಾಯಿತು, ಈಗಲೂ ಅಳಿಯ ಫೋನಿನಲ್ಲಿ 'ಮಾವ, ಈ ಸಲಾನೂ ನಿಮ್ದೊಂದು ಹಾಕಿದೀರಾ' ಎಂದು ಕೇಳುವಾಗ ಆ ದಳಗಳು ಕಣ್ಣೆದುರು ಬರುತ್ತವೆ. ಒಂದು ದಿನ, ಒಂದೇ ಒಂದು ದಿನ, ಯಾರಾದರೂ ತನ್ನನ್ನು ಕಂಡು ಹೆದರಬೇಕು. ಇವನಿದ್ದಾನೆ, ಹುಷಾರಾಗಿರಬೇಕು ಎಂದುಕೊಳ್ಳಬೇಕು. ಸಂಸತ್ತು, ಕೆಂಪು ದೀಪ, ಗೋಡೆಯ ಮೇಲೆ ಫೋಟೋ, ಅದ್ಯಾವುದೂ ಅವನಿಗೆ ಬೇಡ. ಅಂದರೆ, ಬಂದರೆ ಬೇಡವೆನ್ನುವುದಿಲ್ಲ.

ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಮೊದಲನೆಯದು ಡಾಕ್ಟರದು, ಅಂಗೀಕಾರ. ಎರಡನೆಯದು ಯಾವುದೋ ಪಕ್ಷದ ಮಾಜಿ ನರ್ಸಿನದು, ಅಂಗೀಕಾರ. ಮೂರನೆಯದನ್ನು ತೆರೆದರು. ಅವನಿಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು. ಡಾಕ್ಟರ ವಕೀಲ ಮೇಜಿನ ಮೇಲೆ ಬಗ್ಗಿ ಪುಟ ಎಣಿಸುತ್ತಿದ್ದ. ಕಾಣದೆಯೂ ಇರಬಹುದು, ಕಾಣದಿರಲಿ ಎಂದು ಮನಸ್ಸು ಒಂದು ಕ್ಷಣ ಬೇಡಿಕೊಂಡಿತು. ಮರುಕ್ಷಣ, ಥೂ, ಇಷ್ಟಕ್ಕೇ ಉಚ್ಚೆ ಹೊಯ್ದುಕೊಳ್ಳುತ್ತೀಯಲ್ಲ ಎಂದು ತನ್ನನ್ನೇ ಬೈದುಕೊಂಡ.

"ಮೇಡಂ, ಇಲ್ಲಿ ಸಹಿ ಇಲ್ಲ" ಎಂದ ಡಾಕ್ಟರ ವಕೀಲ.

ಸಾಹೇಬರ ಲಾಯರು ಫೋನು ಜೇಬಿಗಿಟ್ಟು ಎದ್ದ. ಇಪ್ಪತ್ತು ನಿಮಿಷ ವಾದವಾಯಿತು. ಅದು ಕೈತಪ್ಪು ಎಂದ, ಸಾಹೇಬರು ಹತ್ತೇ ನಿಮಿಷದಲ್ಲಿ ಬಂದು ಹಾಕುತ್ತಾರೆ ಎಂದ, ನಿಮ್ಮ ಗುಮಾಸ್ತರೇ ಟಿಕ್ ಹಾಕಿದ್ದಾರಲ್ಲ ಎಂದ. ಅಧಿಕಾರಿ ಮೂಗು ಒರೆಸಿಕೊಂಡು ಎಲ್ಲ ಕೇಳಿದರು. "ಮೂರು ಗಂಟೆ ಶುಕ್ರವಾರಾನೇ ಆಗಿಹೋಯ್ತಲ್ಲಪ್ಪ" ಎಂದು, ಪ್ರತಿಸಲ ಇವನು ಕೇಳಿದ್ದ 'ತಿರಸ್ಕರಿಸಲಾಗಿದೆ' ಎಂಬ ಮಾತನ್ನೇ ಈ ಸಲ ಸಾಹೇಬರ ಹೆಸರಿನ ಮುಂದೆ ಹೇಳಿದರು. ಆಮೇಲೆ ನಾಲ್ಕನೆಯ ಫೈಲು ತೆಗೆದರು. ಕೋಣೆಯಲ್ಲಿದ್ದವರೆಲ್ಲ ಕುರ್ಚಿ ಕಿರುಗುಟ್ಟಿಸುತ್ತ ಅವನ ಕಡೆ ತಿರುಗಿದರು. ಅಧಿಕಾರಿ ಒಂದೊಂದೇ ಪುಟ ಓದುತ್ತಿದ್ದರು. ಐದು ಸಲ ಬರೆದು ಕೊಟ್ಟದ್ದನ್ನು ಮೊದಲ ಸಲ ಒಬ್ಬರು ಓದುತ್ತಿದ್ದರು: ಅವನ ಅಪ್ಪನ ಹೆಸರು, ಅವನ ವಯಸ್ಸು, ಅವನ ಓದು, ಅವನ ಮನೆಯ ಉದ್ದಗಲ. ಅವನಿಗೆ ಅಳು ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿದ. "ಅಂಗೀಕರಿಸಲಾಗಿದೆ" ಎಂದರು. ಗಡಿಯಾರದವನು ಅವನ ತೊಡೆ ಹಿಂಡಿ, "ನಿಂತುಬಿಟ್ರಲ್ರೀ" ಎಂದ. ಡಾಕ್ಟರು ಮೊದಲ ಸಲ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಒಂದು ಉಸಿರು ಬಿಟ್ಟು, ನಿರಾಳವಾಗಿ ಕುರ್ಚಿಗೆ ಒರಗಿದರು. ಅದು ಅವನಿಗೆ ಚುಚ್ಚಿತು, ಆದರೂ ಈ ಹೊತ್ತಿನಲ್ಲಿ ಅದನ್ನೂ ಹೊಟ್ಟೆಗೆ ಹಾಕಿಕೊಂಡ.

ಕಾರಿಡಾರಿನಲ್ಲಿ ಹೆಂಡತಿಯ ಫೋನು. "ರೀ, ಟೀವೀಲಿ ನಿಮ್ಮ ಹೆಸರು ಬರ್ತಿದೆ."

"ಬರ್ಲಿ."

"ಏನಾಯ್ತು? ಏನಾದ್ರೂ ತಪ್ಪು ಮಾಡಿದ್ರಾ?" ಇಪ್ಪತ್ತೆರಡು ವರ್ಷದಲ್ಲಿ ಅವನ ಹೆಸರು ಟೀವಿಯಲ್ಲಿ ಬಂದರೆ ಅವಳಿಗೆ ಹೊಳೆಯುವುದು ಇದೊಂದೇ. "ಏನೂ ಇಲ್ಲ, ನಾನು ನಿಂತಿದೀನಿ" ಎಂದ. "ಮಗಳಿಗೆ ಹೇಳ್ಲಾ?" ಎಂದಳು. ದನಿ ಬದಲಾಗಿತ್ತು, ಮದುವೆಯಾದ ಹೊಸತರಲ್ಲಿ ಇದ್ದಂಥ ದನಿ. "ಹೇಳು" ಎಂದ. ಲಾಯರು ಬಂದು ಅವನ ರಟ್ಟೆ ಹಿಡಿದು ಕಾರಿಗೆ ಹತ್ತಿಸಿದ. ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ. ಅವನ ಮೌನ ಸೆಕ್ರೆಟರಿಗೆ ಹಿತವಾಗಿತ್ತು. ಗೊತ್ತಾಗಿರಬೇಕು ಎಂದುಕೊಂಡ. ಇನ್ನು ಸಾಹೇಬರು ಕೆನ್ನೆಗೆ ಬಾರಿಸಬಹುದು, ಉಗಿಯಬಹುದು, ಪಕ್ಷದಿಂದ ಕಿತ್ತು ಬಿಸಾಡಬಹುದು. ಬಿಸಾಡಲಿ. ಹೆದರಿಕೆಯಿಂದ ಬೆವರುತ್ತಿದ್ದ, ಆದರೆ ಸಾಹೇಬರ ಎದುರು ಈ ಸಲ ಏನು ಹೇಳಬೇಕೆಂದು ಕಾರಿನ ಕಿಟಕಿಯ ಗಾಜಿನಲ್ಲಿ ತನ್ನ ತುಟಿ ಅಲ್ಲಾಡುವುದನ್ನು ನೋಡಿಕೊಂಡ.

ಪಕ್ಷದ ಕಚೇರಿಯ ಮಹಡಿಯ ಕೋಣೆಯಲ್ಲಿ ಸಾಹೇಬರು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದರು. ಏಳೆಂಟು ಜನ ಗೋಡೆಗೆ ಒರಗಿ ನಿಂತಿದ್ದರು. ಬಾಗಿಲ ಪಕ್ಕ ಟೈಪಿಸ್ಟು, ಹೆಗಲಿಗೆ ಆಗಲೇ ಬ್ಯಾಗು ಹಾಕಿಕೊಂಡು, ಆಸ್ಪತ್ರೆಯಲ್ಲಿ ತನ್ನ ಸರದಿ ಕಾಯುವವಳಂತೆ ನಿಂತಿದ್ದಳು. ಗಂಡ ಬಿಟ್ಟು ಹೋದ ಮೇಲೆ ಇದೇ ಕಚೇರಿಯಲ್ಲಿ ಹದಿನೆಂಟು ವರ್ಷ, ಅವನ ಎದುರು ಮೇಜಿನಲ್ಲಿ. ಹುಷಾರಿಲ್ಲದ ತಾಯಿಯನ್ನು ಸಾಕುತ್ತಿದ್ದಳು. ಲಾಯರು ಬಂದವನೇ ಅವಳ ಕಡೆ ಬೆರಳು ಮಾಡಿದ.

"ಕಾಗದ ಜೋಡಿಸಿ ಪಿನ್ ಹೊಡೆದಿದ್ದು ಇವಳೇ ಮಾವ. ಕೊನೇ ಪುಟ ಹಿಂದಿನದಕ್ಕೆ ಅಂಟಿಕೊಂಡಿದೆ, ನಿಮಗೆ ಕಂಡೇ ಇಲ್ಲ. ನಕಲು ಮಾಡುವಾಗ್ಲಾದ್ರೂ ನೋಡ್ಬೇಕಿತ್ತು."

"ಬುದ್ಧಿ ಎಲ್ಲಿಟ್ಟಿದ್ದೆ?" ಎಂದರು ಸಾಹೇಬರು ಅವಳಿಗೆ. "ಹೋಗು. ನಾಳೆಯಿಂದ ಬರ್ಬೇಡ."

ಅವಳು ಏನೋ ಹೇಳಲು ಹೋಗಿ ಸೆಕ್ರೆಟರಿಯನ್ನು ನೋಡಿದಳು. ಅವನು ಕಾಲರಿನ ರಕ್ತದ ಚುಕ್ಕೆ ಮುಟ್ಟಿಕೊಂಡ. ಸಾಹೇಬರು ಅವನ ಕಡೆ ತಿರುಗಿದರು, ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಗೋಡೆಗೆ ಒರಗಿದ್ದವರಲ್ಲೊಬ್ಬ, "ಸೆಕ್ರೆಟ್ರಿಗೇ ಲಾಟರಿ ಹೊಡೀತಲ್ಲ, ಇವ್ರದ್ದೇ ಏನಾದ್ರೂ..." ಎಂದು ಹಲ್ಲು ಕಿರಿದ. ಸಾಹೇಬರು ಕೈ ಬೀಸಿದರು. "ಲೇ, ಯಾರ ಮೇಲಾದ್ರೂ ಅನುಮಾನ ಪಡು, ಇವನ ಮೇಲೆ ಬೇಡ. ಅಂಥ ಯೋಚನೆ ತಲೆಗೆ ಬರೋಕೂ ಒಂದು ಗತ್ತು ಬೇಕು."

ನಗು ಎದ್ದಿತು. ಮಗಳ ಮದುವೆಯ ದಿನದ ಅದೇ ನಗು. ಆದರೆ ಈ ಸಲ ಅವನಿಗೆ ನಗಲು ಬಾಯಿ ತೆರೆಯಲಿಲ್ಲ. "ನಾನೇ" ಎಂದ. ಯಾರಿಗೂ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು, "ನಾನೇ ಬಿಟ್ಟಿದ್ದು ಸಾಹೇಬ್ರೆ. ಕೊನೇ ಪುಟಕ್ಕೆ ಗುರುತು ಹಾಕ್ಲಿಲ್ಲ. ಬೇಕಂತಲೇ" ಎಂದ. ಹೇಳುವಾಗ, ಅದು ನಿಜವೋ ಸುಳ್ಳೋ ಎಂಬ ಮೂರು ದಿನದ ಅನುಮಾನ ಅಲ್ಲೇ ತೀರಿತು, ನಿಜವಾಗಿತ್ತು, ನಿಜವಾಗಿರಲೇಬೇಕಿತ್ತು. ಬೆನ್ನು ತಾನಾಗಿ ನೆಟ್ಟಗಾಯಿತು. ಸಾಹೇಬರು ಅವನನ್ನು ನೋಡಿದರು, ಬಾಗಿಲಲ್ಲಿದ್ದವಳನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ಅವರ ಕಣ್ಣು ತೇವವಾಯಿತು.

"ನೋಡ್ರೋ" ಎಂದರು. "ಆ ಹೆಂಗಸಿನ ಹೊಟ್ಟೆಪಾಡು ಹೋಗುತ್ತೆ ಅಂತ ತನ್ನ ತಲೆ ಮೇಲೆ ಹಾಕ್ಕೊಳ್ತಿದಾನೆ. ಇಂಥೋನು ಒಬ್ಬ ಇದ್ರೆ ಸಾಕು ಕಣ್ರೋ ಪಕ್ಷಕ್ಕೆ. ನೀವೂ ಇದೀರ, ದಂಡಪಿಂಡಗಳು."

"ಅಲ್ಲ ಸಾಹೇಬ್ರೆ, ಎರಡೂ ಹತ್ತಕ್ಕೆ ನಂಗೆ ಗೊತ್ತಾಯ್ತು. ಐವತ್ತು ನಿಮಿಷ ಇತ್ತು. ಹೇಳ್ದೆ ಊಟಕ್ಕೆ ಹೋದೆ."

"ಆಯ್ತು ಬಿಡಯ್ಯಾ, ಸಾಕು. ಕೂತ್ಕೋ." ಸೋಫಾದ ಮೇಲೆ ತಮ್ಮ ಪಕ್ಕದ ಜಾಗ ತಟ್ಟಿದರು. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಸೋಫಾದ ಮೇಲೆ ಕೂತಿರಲಿಲ್ಲ. ಕೂತ. ಮೆತ್ತೆ ಅವನು ಎಣಿಸಿದ್ದಕ್ಕಿಂತ ಆಳಕ್ಕೆ ಹೋಗಿ ಮೊಣಕಾಲು ಎದೆಗೆ ಬಂತು. ಸಾಹೇಬರು ಮುಂದಿನದನ್ನು ಹೇಳತೊಡಗಿದರು. ಪೋಸ್ಟರಿನಲ್ಲಿ ತಮ್ಮ ಫೋಟೋ ದೊಡ್ಡದು, ಅವನದು ಕೆಳಗೆ ಮೂಲೆಯಲ್ಲಿ. ಭಾಷಣ ತಮ್ಮದು, ಅವನು ಕೈ ಮುಗಿದರೆ ಸಾಕು. ಗೆದ್ದ ಆರು ತಿಂಗಳಿಗೆ ಅವನು ರಾಜೀನಾಮೆ ಕೊಡಬೇಕು. ಉಪಚುನಾವಣೆಯಲ್ಲಿ ತಾವು ನಿಲ್ಲುವುದು. "ಈಗ್ಲೇ ಬರೆದು ಕೊಟ್ಬಿಡು. ತಾರೀಖು ಹಾಕ್ಬೇಡ. ಒಕ್ಕಣೆ ನಿನಗೆ ಗೊತ್ತೇ ಇದೆಯಲ್ಲ."

ಗೊತ್ತಿತ್ತು. ಲಾಯರು ಕಾಗದ ಕೊಟ್ಟ, ಕೆಳಗೆ ಇಟ್ಟುಕೊಳ್ಳಲು ಒಂದು ಡೈರಿ ಕೊಟ್ಟ. ಮಾನ್ಯ ಸಭಾಧ್ಯಕ್ಷರಿಗೆ, ವೈಯಕ್ತಿಕ ಕಾರಣಗಳಿಂದ ನನ್ನ ಸದಸ್ಯತ್ವಕ್ಕೆ ಈ ಮೂಲಕ. ಬೇಡ ಎಂದು ಒಂದು ಮಾತು ಅಂದರೆ ಆಗುತ್ತಿತ್ತು. ನಾಮಪತ್ರ ಅವನದು, ಹೆಸರು ಅವನದು, ಈಗ ಅದನ್ನು ಯಾರೂ ಕಿತ್ತುಕೊಳ್ಳಲಾರರು. ಇದನ್ನು ಈ ಕೋಣೆಯಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಬಲ್ಲವನ ಕೈ ಬರೆಯುತ್ತ ಹೋಯಿತು. 'ವೈಯಕ್ತಿಕ' ಎಂಬುದಕ್ಕೆ ಮೊದಲು 'ಸಂಪೂರ್ಣವಾಗಿ' ಎಂದು ಸೇರಿಸಿದರೆ ಬಲವಾಗಿರುತ್ತದೆ ಎನ್ನಿಸಿ, ಮೇಲೆ ಸಣ್ಣದಾಗಿ ಸೇರಿಸಿದ. ಹೀಗೆ ತಿದ್ದಿದ ಕಾಗದ ಚೆನ್ನಾಗಿರುವುದಿಲ್ಲವೆಂದು ಇನ್ನೊಂದು ಹಾಳೆ ಕೇಳಿ ಮೊದಲಿಂದ ಬರೆದು, ಸಹಿ ಹಾಕಿ ಕೊಟ್ಟ. ಸಾಹೇಬರು ಅದನ್ನು ಓದದೆ ಮಡಚಿ ಜೇಬಿಗಿಟ್ಟರು. "ಕೆಳಗೆ ಪೇಪರ್‌ನೋರು ಕಾಯ್ತಿದಾರೆ. ಮುಖ ತೊಳ್ಕೊಂಡು ಬಾ" ಎಂದರು.

ಅವನು ಮೆಟ್ಟಿಲಿಗೆ ಬಂದಾಗ ಟೈಪಿಸ್ಟು ತಿರುವಿನಲ್ಲಿ ನಿಂತಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ದಾಟಿ ಹೋಗಬಹುದಿತ್ತು.

"ಅಣ್ಣ, ನೀವು ಹೇಳಿದ್ದು ನಿಜ ಅಲ್ವಾ?"

ಅವನು ಗೋಡೆಯ ಕಡೆಗೆ ಸರಿದ.

"ಹದಿನೆಂಟು ವರ್ಷ ನಿಮ್ಮೆದುರಿಗೆ ಕೂತಿದೀನಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಬೆರಗಿತ್ತು. "ಒಂದು ದೀರ್ಘ ಬಿಟ್ಟಿದ್ರೂ ಕರೆದು ತಿದ್ದಿಸಿದೋರು ನೀವು. ನಿಮ್ಮ ಕೈಯಲ್ಲಿ ಗುರುತು ತಪ್ಪುತ್ತಾ? ಬಿಟ್ಟಿದ್ರೆ ಬೇಕಂತಲೇ ಬಿಟ್ಟಿರ್ತೀರ. ಅವರಿಗೆ ನೀವು ಯಾರು ಅಂತ ಗೊತ್ತಿಲ್ಲ, ನಂಗೊತ್ತು. ಇನ್ನೊಂದ್ಸಲ ಹೋಗಿ ಗಟ್ಟಿಯಾಗಿ ಹೇಳಿ ಅಣ್ಣ. ನಾನೂ ಪಕ್ಕದಲ್ಲಿ ನಿಂತು ಹೌದು ಅಂತೀನಿ. ನಂಗೆ ಈ ಕೆಲಸ ಬಿಟ್ರೆ ಬೇರೆ ಇಲ್ಲ."

ಇಷ್ಟು ವರ್ಷ ಯಾರಾದರೂ ಹೇಳಲಿ ಎಂದು ಕಾದಿದ್ದ ಮಾತು ಇದೇ. ಒಬ್ಬಳಾದರೂ ಅವನನ್ನು ನಂಬಿದ್ದಳು; ನಿಮ್ಮ ಕೈಲಾಗುತ್ತದೆ ಎಂದಿದ್ದಳು. ಅವನ ಕಣ್ಣು ಮಂಜಾಯಿತು, ಅವಳ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಮೇಲೆ ಸಾಹೇಬರು ಯಾರಿಗೋ ಫೋನಿನಲ್ಲಿ ಅವನ ನಿಯತ್ತನ್ನು ಹೊಗಳುತ್ತಿದ್ದದ್ದು ಕೇಳುತ್ತಿತ್ತು. ಮನೆಯಲ್ಲಿ ಹೆಂಡತಿ ಈಗ ಮಗಳ ಜೊತೆ ಮಾತಾಡುತ್ತಿರಬೇಕು, ಆ ಹೊಸ ದನಿಯಲ್ಲಿ.

"ಗುರುತು ಹಾಕಿದ್ದೆ ಕಣಮ್ಮ" ಎಂದ. "ಕೊನೇ ಪುಟಕ್ಕೂ ಹಾಕಿದ್ದೆ. ನಂಗೆ ಚೆನ್ನಾಗಿ ನೆನಪಿದೆ. ಪಿನ್ ಹೊಡಿಯುವಾಗ ನೀನು ಒಂಚೂರು ನೋಡ್ಬೇಕಿತ್ತು."

ಅವಳು ಅವನನ್ನು ನೋಡುತ್ತಲೇ ಇದ್ದಳು. ಆಮೇಲೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಳು, ದೊಡ್ಡವರು ಇಳಿಯುವಾಗ ಕಚೇರಿಯವರೆಲ್ಲ ನಿಲ್ಲುವ ಹಾಗೆ. ಅವನು ಇಳಿದು ಹೋದ.